ಅತ್ತೆ ಬರುವುದಿಲ್ಲವೆಂದು ಹೇಳಲು ಹೋದವಳು

ಜನವರಿ 6, ಮಂಗಳವಾರ

ಮಡಕಶಿರದ ಬಾಡಿಗೆ ಮನೆಯಲ್ಲಿ ಇವತ್ತು ಹಾಲು ಉಕ್ಕಿಸಿದೆವು. ಹಾಲು ಉಕ್ಕಿಸುವುದು ನನ್ನ ತವರು ಬೊಮ್ಮನಹಾಳ್ ಕಡೆಯ ಪದ್ಧತಿ, ಅತ್ತೆಯದಲ್ಲ. ಆದರೂ ಅವರೇ ಹೋಗಿ ಹಾಲು ತಂದು, "ನೀ ಉಕ್ಕಿಸು, ನಾ ಪ್ರಾರ್ಥನಿ ಮಾಡ್ತೀನಿ. ಯಾವುದಾರ ಒಂದು ತಟ್ಲಿ" ಎಂದರು. ಅವರು ಕಣ್ಣು ಮುಚ್ಚಿಕೊಂಡು ನಿಂತಿದ್ದಷ್ಟು ಹೊತ್ತು ನಾನು ಹಾಲು ನೋಡುತ್ತಾ ನಿಂತೆ.

ಬರೆಯಲು ಕೂತದ್ದು ಯಾಕೆಂದರೆ ದಿನದ ಕೊನೆಗೆ ಹೇಳಿಕೊಳ್ಳಲು ಯಾರೂ ಇಲ್ಲ. ಇವರು ಇದ್ದಾಗ ಊಟಕ್ಕೆ ಕೂತು, "ಇವತ್ತೇನಾತು ಹೇಳು" ಎನ್ನುತ್ತಿದ್ದರು. ಏನೂ ಆಗದ ದಿನವೂ ಕೇಳುತ್ತಿದ್ದರು. ಇವರ ಹೆಸರು ದೇವದಾನಂ. ಬರೆಯುವುದಕ್ಕೇನು, ಬರೆಯಬಹುದು. ರಾಯದುರ್ಗ ಡಿಪೋದಲ್ಲಿ ಡ್ರೈವರ್ ಆಗಿದ್ದರು. ಹೋದ ವರ್ಷ ಯುಗಾದಿ ಮುಗಿದ ಮೇಲೆ ಒಂದು ಬೆಳಗ್ಗೆ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತರು. ಬಳ್ಳಾರಿ ಮುಟ್ಟುವ ಮೊದಲೇ ಆಂಬುಲೆನ್ಸಿನಲ್ಲಿ ಹೋಗಿಬಿಟ್ಟರು. ನಮಗೆ ಮಕ್ಕಳಿಲ್ಲ. ಗಂಡನ ಲೆಕ್ಕದಲ್ಲಿ ನನಗೆ ಕಂಡಕ್ಟರ್ ಕೆಲಸ ಕೊಟ್ಟರು. ಡಿಪೋ ಮಾತ್ರ ಮಡಕಶಿರ.

ಮದುವೆಯಾದಾಗಿನಿಂದ ಇವರ ಪಕ್ಕದಲ್ಲಿ ರಾಯದುರ್ಗದ ಹಳೇ ಕಲ್ಲಿನ ಚರ್ಚಿನಲ್ಲಿ ಕೂತು ಬಂದಿದ್ದೇನೆ. ದೀಕ್ಷಾಸ್ನಾನ ತಗೊಂಡಿಲ್ಲ. ತಗೋ ಎಂದು ಯಾರೂ ಒತ್ತಾಯ ಮಾಡಲಿಲ್ಲ. ಆ ದೇವರನ್ನು ನಾನಾಗಿ ಕೇಳಿಕೊಂಡದ್ದು ಒಂದೇ ಸಲ, ಆಂಬುಲೆನ್ಸಿನಲ್ಲಿ. ಆಮೇಲೆ ನಮ್ಮಿಬ್ಬರ ನಡುವೆ ಮಾತಿಲ್ಲ.

ಅತ್ತೆ ಎಸ್ತೇರಮ್ಮ ಗುಂತಕಲ್ಲಿನಲ್ಲಿ ಮಗಳು ಸಲೋಮಿಯ ಮನೆಗೆ ಹೋಗಿ ಆರಾಮಾಗಿರಬಹುದಿತ್ತು. "ನಿನ್ನೊಬ್ಬಾಕೀನ ಹೆಂಗ ಬಿಡಲಿ?" ಎಂದು ನನ್ನ ಹಿಂದೆ ಬಂದರು. ಹಾಲು ಕುಡಿದು ಲೋಟ ಕೆಳಗಿಟ್ಟು ಅವರು ಕೇಳಿದ ಮೊದಲ ಮಾತು: "ಇಲ್ಲಿ ಚರ್ಚು ಎಲ್ಲೈತಿ?"

ಜನವರಿ 11, ಭಾನುವಾರ

ಇನ್ನೂ ಟ್ರೈನಿಂಗ್ ನಡೆದಿರುವುದರಿಂದ ಭಾನುವಾರ ರಜೆ. ಚರ್ಚು ಹುಡುಕಿಕೊಂಡು ಹೋದೆವು. ಪೇಟೆ ದಾಟಿ, ಹಿಪ್ಪುನೇರಳೆ ತೋಟಗಳು ಶುರುವಾಗುವ ಕಡೆ ಒಂದು ತಗಡಿನ ಶೆಡ್ಡು. ಬೆಂಚಿಲ್ಲ, ನೆಲದ ಮೇಲೆ ಜಮಖಾನ. ಕೀರ್ತನೆ ಪುಸ್ತಕವೂ ಇಲ್ಲ, ಹಾಡು ಗೋಡೆಯ ಮೇಲೆ ಬೆಳಕಿನಲ್ಲಿ ಬೀಳುತ್ತದೆ, ಒಂದು ಕನ್ನಡದ್ದಾದರೆ ಒಂದು ತೆಲುಗಿನದು. ಮೈಕು, ಕೀಬೋರ್ಡು, ಡೋಲಕ್ಕು, ಚಪ್ಪಾಳೆ. ಅತ್ತೆ ಬಾಗಿಲಲ್ಲೇ ನಿಂತು ನನ್ನ ಕಿವಿಯಲ್ಲಿ, "ಇದು ದೇವರ ಮನಿಯೋ, ಮದುವಿ ಚಪ್ಪರೋ?" ಎಂದರು. ಆದರೂ ಸೆರಗು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋದರು.

ನಾನು ಹೋಗಲಿಲ್ಲ. ಚಪ್ಪಲಿ ಬಿಟ್ಟ ಕಡೆ ನಿಂತುಕೊಂಡೆ. ಜನವರಿಯಾದರೂ ಬಿಸಿಲು ಚುರುಗುಟ್ಟುತ್ತಿತ್ತು. ಸ್ವಲ್ಪ ಹೊತ್ತಿಗೆ ಒಳಗಿಂದ ಒಬ್ಬ ದಪ್ಪ ಹೆಂಗಸು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಬಂದು ಹುಣಸೆ ಮರದ ನೆರಳಿನಲ್ಲಿ ಹಾಕಿದಳು. ಹೆಸರು ದೊಡ್ಡಕ್ಕ. ಚರ್ಚಿನಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ.

"ಯಾವೂರಮ್ಮ ನಿಮ್ದು?"

"ರಾಯದುರ್ಗ ರೀ."

"ಓ, ಅದ್ಕೇ ಬಳ್ಳಾರಿ ಮಾತು. ಕೂತ್ಕೋ ತಾಯಿ. ಒಳಕ್ಕೆ ಬರ್ಲೇಬೇಕು ಅಂತೇನಿಲ್ಲ. ಬಿಸ್ಲಲ್ಲಿ ಯಾಕೆ ಒಣಗ್ತೀಯ?"

ಯಾಕೆ ಬರುವುದಿಲ್ಲ ಎಂದು ಕೇಳುತ್ತಾಳೆ ಅಂದುಕೊಂಡು ಉತ್ತರ ಹೊಂದಿಸಿಕೊಳ್ಳುತ್ತಿದ್ದೆ. ಕೇಳಲಿಲ್ಲ. ಒಂದು ಚೊಂಬು ನೀರು ಕೊಟ್ಟು ಒಳಗೆ ಹೋಗಿ, ನಾನು ಕಾಣುವ ಹಾಗೆ ಬಾಗಿಲ ಪಕ್ಕದಲ್ಲೇ ಕೂತಳು.

ಜನವರಿ 15, ಗುರುವಾರ

ಸಂಕ್ರಾಂತಿ. ಟ್ರೈನಿಂಗಿಗೆಂದು ನನ್ನನ್ನು ಹಾಕಿರುವ ಅಗಳಿ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಗಸರಿಗೆ ಟಿಕೆಟ್ ಫ್ರೀ ಆದಮೇಲೆ ಹಬ್ಬವೆಂದರೆ ಇಷ್ಟೇ. ಫ್ರೀ ಆಂಧ್ರದ ಹೆಂಗಸರಿಗೆ ಮಾತ್ರ ಎಂದು, ಕರ್ನಾಟಕದ ಆಧಾರ್ ತೋರಿಸಿ ಕೇಳುವವರ ಜೊತೆ ವಾದ ಮಾಡಿ ಗಂಟಲು ಕಟ್ಟಿತು. ರೇಷ್ಮೆ ಸೀರೆಯ ಒಬ್ಬಾಕೆ ಹತ್ತುತ್ತಲೇ ನನ್ನ ಹಣೆ ನೋಡಿ, ಕೈ ನೋಡಿ, "ಹಬ್ಬದ ದಿನ ಎದುರಿಗೆ ಇವ್ಳೇ ಸಿಗ್ಬೇಕಾ" ಎಂದು ಪಕ್ಕದವಳಿಗೆ ಹೇಳಿದಳು. ಮೆಲ್ಲಗೇನೂ ಹೇಳಲಿಲ್ಲ.

ಡ್ರೈವರ್ ವೆಂಕಟಪ್ಪ ಇಂಜಿನ್ ಆರಿಸಿಬಿಟ್ಟ. "ಅಮ್ಮೋ, ಈ ಬಸ್ಸಲ್ಲಿ ಯಾರು ಹತ್ತಿದ್ರೂ ಮೊದ್ಲು ಆಯಮ್ಮನ ಮುಖಾನೇ ನೋಡ್ಬೇಕು. ಆಗ್ದಿದ್ರೆ ಹಿಂದೆ ಆಟೋ ಬತ್ತೈತೆ."

ಆಕೆ ಇಳಿಯಲಿಲ್ಲ. ನಾನು ಟಿಕೆಟ್ ಹರಿದು ಕೊಟ್ಟೆ. ಸೊನ್ನೆ ರೂಪಾಯಿಯ ಟಿಕೆಟ್ಟು. ಅದನ್ನೂ ಬೆರಳ ತುದಿಯಲ್ಲಿ ಹಿಡಿದಳು.

ಅತ್ತೆಗೆ ಹೇಳಲಿಲ್ಲ.

ಜನವರಿ 25, ಭಾನುವಾರ

ಬಿಸಿಲು ಜಾಸ್ತಿ ಇತ್ತು. ನೆರಳಿನಲ್ಲೂ ಕೂರಲಾಗಲಿಲ್ಲ. ಅದಕ್ಕೇ ಒಳಗೆ ಹೋಗಿ ಹೆಂಗಸರ ಕಡೆ ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂತೆ. ಪಾಸ್ಟರ್ ಗೋವರ್ಧನ್ ಇನ್ನೂ ಚಿಕ್ಕ ವಯಸ್ಸಿನವರು. ವಾರವೆಲ್ಲಾ ಮೊಬೈಲ್ ರಿಪೇರಿ ಅಂಗಡಿ, ಭಾನುವಾರ ಚರ್ಚಿನಲ್ಲಿ ಉಪದೇಶ. ಏನು ಹೇಳಿದರೋ ನನಗೆ ಸರಿಯಾಗಿ ನೆನಪಿಲ್ಲ. ಮಧ್ಯೆ ಮಧ್ಯೆ ಮರೆತು, "ಎಲ್ಲಿಗೆ ನಿಲ್ಸಿದ್ದೆ?" ಎಂದು ಮುಂದಿನ ಸಾಲಿನವರನ್ನು ಕೇಳುತ್ತಿದ್ದರು. ಅವರು ಹೇಳುತ್ತಿದ್ದರು.

ನೆನಪಿರುವುದು ಬೇರೆ. ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದಾಗ ನಾನು ಮುಚ್ಚದೆ ಹೆಂಗಸರ ಮುಖಗಳನ್ನು ನೋಡುತ್ತಾ ಹೋದೆ. ಯಾರ ಹಣೆಯಲ್ಲೂ ಏನೂ ಇಲ್ಲ. ಮುದುಕಿಯರಿಗೂ ಇಲ್ಲ, ಮಗು ಎತ್ತಿಕೊಂಡವಳಿಗೂ ಇಲ್ಲ, ಹೊಸದಾಗಿ ಮದುವೆಯಾದ ರಮ್ಯ ಎಂಬ ಹುಡುಗಿಗೂ ಇಲ್ಲ. ಇವರು ಹೋದ ದಿನ ನಮ್ಮಮ್ಮ ತನ್ನ ಕೈಯಾರೆ ನನ್ನ ಹಣೆ ಒರೆಸಿದಳು. ಅವತ್ತಿನಿಂದ ಬೀದಿಯಲ್ಲಿ, ಬಸ್ಸಿನಲ್ಲಿ, ನೀರಿನ ನಲ್ಲಿಯ ಹತ್ತಿರ, ಎಲ್ಲೇ ಹೋದರೂ ಜನರ ನೋಟ ನನ್ನ ಕಣ್ಣಿಗೆ ಬರುವ ಮೊದಲು ಹಣೆಗೆ ಬರುತ್ತದೆ. ಇಲ್ಲಿ ಯಾರು ಗಂಡ ಇದ್ದವಳು, ಯಾರು ಇಲ್ಲದವಳು ಎಂದು ನೋಡಿ ಹೇಳುವಂತಿಲ್ಲ. ರಾಯದುರ್ಗದ ಚರ್ಚಿನಲ್ಲೂ ಹೀಗೇ ಇದ್ದಿರಬೇಕು. ಆಗ ನನ್ನ ಹಣೆಯಲ್ಲಿ ಬೊಟ್ಟಿತ್ತು, ಗಮನಿಸಿರಲಿಲ್ಲ.

ಕಾಲು ಚಾಚಿಕೊಂಡು ಕೂತೆ. ಬಹಳ ದಿನಗಳ ಮೇಲೆ ಸೊಂಟ ಸಡಿಲವಾಯಿತು.

ಫೆಬ್ರವರಿ 1, ಭಾನುವಾರ

ಇವತ್ತು ಆಗಬಾರದ್ದು ಆಯಿತು.

ಅತ್ತೆಗೆ ಗೊತ್ತಿದ್ದ ಒಂದು ಹಳೇ ಕೀರ್ತನೆ ಗೋಡೆಯ ಮೇಲೆ ಬಂತು. ಅವರ ಮುಖ ಅರಳಿತು. ಮಡಕಶಿರಕ್ಕೆ ಬಂದಮೇಲೆ ಮೊದಲ ಸಲ ಗಂಟಲು ಬಿಟ್ಟು ಹಾಡಿದರು. ಆದರೆ ಇಲ್ಲಿಯವರು ಅದನ್ನು ಡೋಲಕ್ಕಿನ ಓಟಕ್ಕೆ ಹಾಡುತ್ತಾರೆ, ಅತ್ತೆ ರಾಯದುರ್ಗದ ನಡಿಗೆಯಲ್ಲಿ. ಎಲ್ಲರೂ ಎರಡನೇ ಚರಣಕ್ಕೆ ಹೋದಾಗ ಇವರಿನ್ನೂ ಪಲ್ಲವಿಯ ಕೊನೆಯಲ್ಲಿದ್ದರು. ಡೋಲಕ್ಕು ಬಾರಿಸುವ ಪಾಪಣ್ಣ ರೇಷ್ಮೆಹುಳ ಸಾಕುವವನು, ಬಾಯಿ ಮುಂದು. ಮೈಕಿನಲ್ಲೇ, "ಅಜ್ಜೀ, ಒಸಿ ಸ್ಪೀಡಾಗಿ ಬಾ, ನಾವು ಹಿಂದೂಪುರ ಮುಟ್ಟಿದೀವಿ" ಎಂದುಬಿಟ್ಟ. ಶೆಡ್ಡೆಲ್ಲಾ ನಕ್ಕಿತು. ದೊಡ್ಡಕ್ಕ ಮಾತ್ರ ನಗಲಿಲ್ಲ.

ಅತ್ತೆ ಎದ್ದು ಚಪ್ಪಲಿ ಹಾಕಿಕೊಂಡು ನಡೆದೇಬಿಟ್ಟರು. ಮನೆಗೆ ಬಂದು ನೀರು ಕುಡಿದು, "ನಮ್ಮವ್ವ ನನ್ನ ತೊಡಿ ಮ್ಯಾಲೆ ಹಾಕ್ಕೊಂಡು ಹಾಡಿದ ಹಾಡದು. ಅದಕ್ಕ ಓಡಾಕ ಬರಂಗಿಲ್ಲ. ನಾ ಇನ್ನ ಅಲ್ಲಿ ಕಾಲಿಡಂಗಿಲ್ಲ" ಎಂದರು.

ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಈ ಊರಿನ ಮುದ್ದೆ ಬೇರೆ ಅವರಿಗೆ ಇಳಿಯುವುದಿಲ್ಲ.

ಫೆಬ್ರವರಿ 8, ಭಾನುವಾರ

ಈಗ ಟ್ರೈನಿಂಗ್ ಮುಗಿಯಿತು. ವಾರದ ರಜೆ ಬುಧವಾರ. ಇವತ್ತು ಮಧ್ಯಾಹ್ನದ ಶಿಫ್ಟು. ಬೆಳಗ್ಗೆ ಖಾಲಿ ಇದ್ದೆನಲ್ಲ ಎಂದು, ಅತ್ತೆ ಬರುವುದಿಲ್ಲವೆಂದು ಚರ್ಚಿನವರಿಗೆ ಹೇಳಿ ಬರೋಣ ಅಂತ ಹೋದೆ. ಹೇಳದೆ ಕೇಳದೆ ಬಿಡುವುದು ಚೆನ್ನಾಗಿರುವುದಿಲ್ಲ. ಹೋದಾಗ ಹಾಡು ಶುರುವಾಗಿತ್ತು. ಮಧ್ಯದಲ್ಲಿ ಹೇಗೆ ಹೇಳುವುದು? ಕೂತೆ. ಮುಗಿದ ಮೇಲೆ ಚಿತ್ರಾನ್ನ ಹಂಚಿದರು. ತಿಂದು ಎಲೆ ಎತ್ತಿ ಹಾಗೇ ಬರಲಾಗುತ್ತದೆಯೇ? ದೊಡ್ಡಕ್ಕನ ಜೊತೆ ಪಾತ್ರೆ ತೊಳೆದೆ.

ದೊಡ್ಡಕ್ಕನ ಗಂಡ ಚರ್ಚಿಗೆ ಬರುವುದಿಲ್ಲವಂತೆ. ವಾರ ವಾರ ಟಿವಿಎಸ್ಸಿನಲ್ಲಿ ಅವಳನ್ನು ಬಿಟ್ಟು ಹೋಗುತ್ತಾನೆ, ತಾನು ಹೇಮಾವತಿ ಊರಿನ ಸಿದ್ಧೇಶ್ವರನಿಗೆ ನಡೆದುಕೊಳ್ಳುವವನು. "ಜಗಳ ಬರಲ್ವೇನ್ರಿ?" ಎಂದೆ.

"ಯಾತಕ್ಕೆ? ಅವನ ಸ್ವಾಮಿ ಅವನ್ನ ಕಾಯ್ತಾನೆ, ನನ್ ಸ್ವಾಮಿ ನಮ್ಮಿಬ್ರನ್ನೂ ಕಾಯ್ತಾನೆ. ಅವನಿಗೇ ಲಾಭ" ಎಂದು ನಕ್ಕಳು.

ಪಾಪಣ್ಣ ಹತ್ತಿರ ಬಂದು, "ಅಜ್ಜಿಗೆ ಬೇಜಾರಾಯ್ತೇನಮ್ಮ?" ಎಂದ. ನಾನು ಡೋಲಕ್ಕಿನ ಕಡೆ ನೋಡುತ್ತಾ, "ಹೌದ್ರಿ" ಎಂದೆ. ಅವನ ಮುಖ ಸಣ್ಣಗಾಯಿತು.

ಮನೆಗೆ ಬಂದಾಗ ಅತ್ತೆ, "ಒಂದು ಮಾತು ಹೇಳಿ ಬರಾಕ ಇಷ್ಟೊತ್ತಾ?" ಎಂದರು. ಪಾಸ್ಟರ್ ಬಿಡಲಿಲ್ಲ ಎಂದೆ.

ಫೆಬ್ರವರಿ 15, ಭಾನುವಾರ

ಹೋದ ವಾರ ಅತ್ತೆಗೆಂದು ಕಟ್ಟಿಕೊಟ್ಟಿದ್ದ ಚಿತ್ರಾನ್ನದ ಡಬ್ಬಿ ವಾಪಸ್ ಕೊಡುವುದಿತ್ತು. ಹೋಗಿ ಬಂದೆ.

ಫೆಬ್ರವರಿ 22, ಭಾನುವಾರ

ಬೆಳಗಿನ ಶಿಫ್ಟು ಬಿತ್ತು. ದಿನವೆಲ್ಲಾ ಮೈ ಉರಿ. ಯಾರು ಚಿಲ್ಲರೆ ಕೇಳಿದರೂ ಸಿಡುಕಿದೆ. ವೆಂಕಟಪ್ಪ, "ಏನಮ್ಮ, ಇವತ್ತು ನಿಮ್ ಮುಖ ನೋಡಿದ್ರೆ ನಂಗೇ ಹೆದ್ರಿಕೆ ಆಯ್ತೈತೆ" ಎಂದ. ಸೆಖೆ ಇರಬೇಕು.

ಮಧ್ಯಾಹ್ನ ಮನೆಗೆ ಬಂದರೆ ಒಲೆಯ ಪಕ್ಕದಲ್ಲಿ ಜೋಳದ ಹಿಟ್ಟಿನ ಚೀಲ. ಪಾಪಣ್ಣ ಬಂದಿದ್ದನಂತೆ. ಅಜ್ಜಿಗೆ ಮುದ್ದೆ ಸೇರುವುದಿಲ್ಲವೆಂದು ದೊಡ್ಡಕ್ಕ ಹೇಳಿದಳಂತೆ. (ಪಾತ್ರೆ ತೊಳೆಯುವಾಗ ನಾನು ಹೇಳಿದ್ದೆ.) ಬಾಗಿಲಲ್ಲೇ ನಿಂತು ತಪ್ಪಾಯ್ತು ಎಂದನಂತೆ.

"ನೀವೇನಂದ್ರಿ?"

"ಡೋಲಕ್ಕು ಬಾರಿಸೋನಿಗೆ ಕೈಗಿಂತ ಕಿವಿ ಮುಂದಿರಬೇಕು ಅಂದೆ. ನಿಂಗ ಕಿವೀನೂ ಇಲ್ಲ ಕೈಯೂ ಇಲ್ಲ, ಬಾಯಿ ಒಂದೈತಿ ಅಂದೆ."

"ಒಳಗ ಕರದ್ರೋ ಇಲ್ಲೋ?"

"ಮಜ್ಜಿಗಿ ಕೊಟ್ಟೆ" ಎಂದು ಮುಖ ತಿರುಗಿಸಿದರು. ಬಿಸಿ ರೊಟ್ಟಿ ಬಡಿದಿದ್ದರು. ಇಬ್ಬರೂ ಹೊಟ್ಟೆ ತುಂಬ ತಿಂದೆವು. ಚರ್ಚಿಗೆ ಮಾತ್ರ ಬರುವುದಿಲ್ಲವಂತೆ.

ಮಾರ್ಚ್ 11, ಬುಧವಾರ

ನನ್ನ ಅಣ್ಣ ರಾಮಾಂಜಿ ಬೊಮ್ಮನಹಾಳಿನಿಂದ ಫೋನ್ ಮಾಡಿದ. ನಾನು ಬಟ್ಟೆ ಒಗೆಯುತ್ತಿದ್ದೆ. ಕೈ ಒದ್ದೆ ಎಂದು ಫೋನನ್ನು ಕಟ್ಟೆಯ ಮೇಲಿಟ್ಟು ಸ್ಪೀಕರ್ ಒತ್ತಿದೆ. ಅದೇ ತಪ್ಪಾಯಿತು.

"ಒಂದು ಸಂಬಂಧ ಬಂದೈತಿ. ಹೊಸಪೇಟಿ ಕಡೇವ್ರು, ಹೆಂಡ್ತಿ ತೀರ್ಕೊಂಡಾಳ, ಒಳ್ಳೆ ಮನುಷ್ಯ. ನಿನ್ನ ನೌಕರಿ ಬಗ್ಗೆ ಏನೂ ತಕರಾರಿಲ್ಲ. ಆ ಮುದುಕಿ ಮಾತ್ರ ಜೊತಿಗೆ ಇರಬಾರ್ದು ಅಂತಾರ. ಆಕಿಗೆ ಮಗಳಿದ್ದಾಳಲ್ಲ, ನಿಂಗ್ಯಾಕ ಆಕಿ ಉಸಾಬರಿ?"

ಹಿಂದೆ ತಿರುಗಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಅಣ್ಣನಿಗೆ ಬ್ಯಾಡ ಎಂದು ಹೇಳಿ ಇಟ್ಟೆ. ಅವರು ಏನೂ ಕೇಳದವರಂತೆ ಒಳಗೆ ಹೋದರು. ಸಂಜೆ ಅಕ್ಕಿ ಆರಿಸುತ್ತಾ ಕೂತು, ತಲೆ ಎತ್ತದೆ ಹೇಳಿದರು:

"ನಾ ಸಲೋಮಿ ಹತ್ರ ಹೋಗ್ತೀನಿ."

"ಯಾಕ? ಅಣ್ಣ ಅಂದದ್ದಕ್ಕಾ? ಬ್ಯಾಡ ಅಂದೆನಲ್ಲ."

"ನೀ ಬ್ಯಾಡ ಅಂತೀ, ನಾ ಇರೋತನಕ ಬ್ಯಾಡ ಅಂತನೇ ಇರ್ತೀ. ನೀ ಸಣ್ಣಾಕಿ ರತ್ನಾ. ನನ್ನ ಮಗ ಹೋದ. ಅವನ ಹೆಸರಿಲೆ ನಿನ್ನ ಗೂಟಕ್ಕ ಕಟ್ಟಾಕ ನನಗ ಮನಸಿಲ್ಲ. ನಾ ಇದ್ರ ನಾನೇ ಆ ಗೂಟ."

"ನಂಗ ಮದುವಿ ಬೇಕಾದಾಗ ನಾನೇ ಹೇಳ್ತೀನ್ರಿ! ನನ್ನ ಬಿಟ್ಟು ಹೋಗಾಕ ಬಂದ್ರೇನು ಇಲ್ಲೀತನಕ?"

ಕೂಗಿಬಿಟ್ಟೆ. ಪಕ್ಕದ ಮನೆಯವರು ಕಿಟಕಿ ತೆಗೆದರು. ಅತ್ತೆ ಕೂಗಲಿಲ್ಲ. ಅವರು ಕೂಗಿದ್ದರೆ ಚೆನ್ನಾಗಿತ್ತು. ಕೂಗದಿದ್ದರೆ ಅವರು ನಿರ್ಧಾರ ಮಾಡಿದ್ದಾರೆ ಎಂದೇ ಅರ್ಥ. ಮೊರ ಪಕ್ಕಕ್ಕಿಟ್ಟು ಒಳಗೆ ಹೋಗಿ ಮಲಗಿದರು.

ಮಾರ್ಚ್ 13, ಶುಕ್ರವಾರ

ಈಸ್ಟರಿಗೆ ಮುಂಚಿನ ಶ್ರಮದಿನಗಳ ಉಪವಾಸ ಪ್ರಾರ್ಥನೆ ಶುಕ್ರವಾರ ಸಂಜೆ ಇರುತ್ತದೆಂದು ಗೊತ್ತಿತ್ತು. ಡಿಪೋದಲ್ಲಿ ಬ್ಯಾಗು, ಟಿಕೆಟ್ ಮಿಷನ್ನು ಒಪ್ಪಿಸಿ ಮನೆಗೆ ಹೋಗುವ ಬದಲು ಅಲ್ಲಿಗೆ ಹೋದೆ. ಖಾಕಿ ಅಂಗಿ ಕೂಡ ಬಿಚ್ಚಿರಲಿಲ್ಲ. ಜನ ಹೆಚ್ಚಿರಲಿಲ್ಲ. ದೊಡ್ಡಕ್ಕ ನನ್ನ ಮುಖ ನೋಡಿ ಹೊರಗೆ ಕರೆದುಕೊಂಡು ಬಂದಳು. ಅತ್ತೆ ಹೋಗುತ್ತಾರಂತೆ ಎಂದೆ. ಅಷ್ಟೇ ಹೇಳಲು ಆದದ್ದು.

"ಕೇಳ್ದೇನಮ್ಮ ಆಯಪ್ಪನ್ನ?" ಎಂದು ಮೇಲೆ ನೋಡಿದಳು.

"ನಾ ಕೇಳಂಗಿಲ್ಲ ರೀ. ಒಂದ್ಸಲ ಕೇಳೀನಿ. ಸಾಕು."

ಅವಳು, ದೇವರು ಹಾಗಲ್ಲ ಹೀಗೆ ಎಂದು ಪಾಠ ಹೇಳಲಿಲ್ಲ. ಇವರು ಹೋದಾಗ ರಾಯದುರ್ಗದಲ್ಲಿ ಬಂದವರೆಲ್ಲಾ ಹೇಳಿದ್ದರು, ಎಲ್ಲದಕ್ಕೂ ಒಂದು ಉದ್ದೇಶ ಇರುತ್ತದೆ ಅಂತ. ದೊಡ್ಡಕ್ಕ ನನ್ನ ಕೈ ಹಿಡಿದುಕೊಂಡು, ಹುಣಸೆ ಮರದ ಕೆಳಗೇ, ಪಕ್ಕದ ಮನೆಯವರ ಹತ್ತಿರ ಸಕ್ಕರೆ ಕೇಳುವ ಧ್ವನಿಯಲ್ಲಿ ಶುರು ಮಾಡಿದಳು. "ಸ್ವಾಮಿ, ಈ ಮಗು ನಿನ್ ಮೇಲೆ ಮುನಿಸ್ಕಂಡೈತೆ. ಅದು ನಿಮ್ಮಿಬ್ರ ಇಚಾರ, ನಾನು ಮಧ್ಯ ಬರಲ್ಲ. ಅವ್ಳು ಕೇಳಲ್ವಂತೆ, ಅದ್ಕೆ ನಾನೇ ಕೇಳ್ತೀನಿ. ಆ ಮುದುಕೀನ ಕಳಿಸ್ಬೇಡ. ಕಳಿಸಿದ್ರೂ ಅಲ್ಲೇ ಇಟ್ಕಬೇಡ. ಆಮೆನ್."

ನಾನು ಅತ್ತುಬಿಟ್ಟೆ. ಇವರು ಹೋದಮೇಲೆ ಮಂದಿಯ ಮುಂದೆ ಅತ್ತಿರಲಿಲ್ಲ.

ಪಾಸ್ಟರ್ ಹೊರಗೆ ಬಂದವರು ನೋಡಿ ಸುಮ್ಮನೆ ಒಳಗೆ ಹೋದರು. ಹೊರಡುವಾಗ ನಾನೇ ಅವರಿಗೆ, "ನಂದು ದೀಕ್ಷಾಸ್ನಾನ ಆಗಿಲ್ಲ ರೀ, ಬರಬಹುದಾ?" ಎಂದೆ. "ಬಂದ್ಬಿಟ್ಟಿದೀರಲ್ಲಕ್ಕ. ನೀರಿನ ಮಾತು ನಿಮ್ಗೆ ಬೇಕನ್ಸಿದಾಗ ನೀವೇ ಎತ್ತಿ. ನಾನು ಎತ್ತಲ್ಲ" ಎಂದರು.

ಮಾರ್ಚ್ 16, ಸೋಮವಾರ

ಸಲೋಮಿಯ ಗಂಡ ಬಂದು ಅತ್ತೆಯನ್ನು ಕರೆದುಕೊಂಡು ಹೋದರು. ನನಗೆ ಡ್ಯೂಟಿ ಇತ್ತು. ಬಂದಾಗ ಮನೆ ಗುಡಿಸಿ, ರೊಟ್ಟಿ ಬಡಿದು ಬಟ್ಟೆ ಮುಚ್ಚಿಟ್ಟಿದ್ದರು.

ಮಾರ್ಚ್ 17, ಮಂಗಳವಾರ

ಏನೂ ಇಲ್ಲ.

ಮಾರ್ಚ್ 22, ಭಾನುವಾರ

ಮಧ್ಯಾಹ್ನದ ಶಿಫ್ಟು. ಚರ್ಚಿನಲ್ಲಿ ಯಾರೂ, "ಅತ್ತೆ ಯಾಕೆ ಹೋದರು" ಎಂದು ಕೇಳಲಿಲ್ಲ. ರಮ್ಯ ಬಂದು ಪಕ್ಕದಲ್ಲಿ ಕೂತು, ಬಸುರಿಯಾಗಿದ್ದೇನೆ ಎಂದು ಗುಟ್ಟಾಗಿ ಹೇಳಿದಳು, ಅವಳ ಅತ್ತೆಗೂ ಇನ್ನೂ ಹೇಳಿಲ್ಲವಂತೆ. ನನಗೆ ಯಾಕೆ ಮೊದಲು ಹೇಳಿದಳೋ. ಬೀದಿಯಲ್ಲಾಗಿದ್ದರೆ ಇಂಥ ಸುದ್ದಿಯನ್ನು ನನ್ನಂಥವಳ ಕಿವಿಗೆ ಹಾಕುವವರಿಲ್ಲ. ಬೆಳಗಿನ ಬಸ್ಸಿಗೆ ಹತ್ತಿದರೆ ಮುಂದಿನ ಸೀಟು ಹಿಡಿದು ಕೊಡುತ್ತೇನೆ ಎಂದೆ.

ಸಂಜೆ ಅತ್ತೆಗೆ ಫೋನ್ ಮಾಡಿದೆ. ಚೆನ್ನಾಗಿದ್ದಾರಂತೆ. ಅಲ್ಲಿ ದೊಡ್ಡ ಚರ್ಚಂತೆ. ಮಾತು ಬೇಗ ಮುಗಿಯಿತು.

ಒಬ್ಬಳಿಗೇ ಅಡಿಗೆ ಮಾಡುವುದು ಬೇಸರ. ಬಡಿಸಿಕೊಂಡ ಮೇಲೆ ಅನ್ನ ಮುಟ್ಟದೆ ಸ್ವಲ್ಪ ಹೊತ್ತು ಕೂತಿದ್ದು ಆಮೇಲೆ ಉಂಡೆ.

ಮಾರ್ಚ್ 29, ಭಾನುವಾರ

ಗರಿಗಳ ಭಾನುವಾರ. ಈಚಲ ಗರಿ ಹಿಡಿದು ಮೆರವಣಿಗೆ. ಡ್ಯೂಟಿ ಇದ್ದುದರಿಂದ ನಾನು ಹೋಗಲಿಲ್ಲ. ಆದರೆ ಮೆರವಣಿಗೆ ಬಸ್ ಸ್ಟ್ಯಾಂಡಿನ ಮುಂದೇ ಬಂತು. ದೊಡ್ಡಕ್ಕ ಸಾಲು ಬಿಟ್ಟು ಓಡಿಬಂದು ನನಗೊಂದು ಗರಿ ಕೊಟ್ಟಳು. ವೆಂಕಟಪ್ಪ ಅದನ್ನು ಇಸಿದುಕೊಂಡು ಬಸ್ಸಿನ ಮುಂಗಾಜಿಗೆ, ನಿಂಬೆಹಣ್ಣಿನ ಪಕ್ಕದಲ್ಲಿ ಸಿಕ್ಕಿಸಿದ. "ಎಲ್ರೂ ಇರ್ಲಿ, ರೋಡ್ ಸರಿಗಿಲ್ಲ" ಎಂದ.

ಏಪ್ರಿಲ್ 5, ಭಾನುವಾರ

ಈಸ್ಟರ್. ರಜೆ ಸಿಗಲಿಲ್ಲ. ಆರು ಗಂಟೆಗೆ ಬಸ್ಸು ತೆಗೆಯಬೇಕಿತ್ತು. ಪ್ರತಿ ವರ್ಷ ಐದಕ್ಕೆ ಶುರುವಾಗುವ ಬೆಳಗಿನ ಆರಾಧನೆಯನ್ನು ಈ ವರ್ಷ ನಾಲ್ಕಕ್ಕೆ ಇಟ್ಟಿದ್ದರು. ಯಾಕೆ ಎಂದು ರಮ್ಯಳನ್ನು ಕೇಳಿದರೆ, "ನಿಮ್ ಬಸ್ಸಿಗೆ ಕಣಕ್ಕ! ನಮ್ಮನೇವ್ರು ಎದ್ದಾಗಿಂದ ನಿಮ್ಮನ್ನೇ ಬೈಕೊಂತವ್ರೆ" ಎಂದಳು. ಎಲ್ಲರೂ ಆಕಳಿಸುತ್ತಲೇ ಬಂದರು. ಮಕ್ಕಳನ್ನು ನಿದ್ದೆಯಲ್ಲೇ ಎತ್ತಿಕೊಂಡು ಬಂದಿದ್ದರು. ಪಾಸ್ಟರ್ ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದರು. ನನ್ನೊಬ್ಬಳಿಗಾಗಿ ಇಷ್ಟು ಮನೆಗಳ ನಿದ್ದೆ ಕೆಟ್ಟಿತಲ್ಲ ಎಂದು ನಾಚಿಕೆಯಾಯಿತು. ನಾಚಿಕೆ ಅಂದೆ, ಆದರೆ ಅದೊಂದೇ ಅಲ್ಲ.

ಕತ್ತಲಲ್ಲಿ ಮೇಣದಬತ್ತಿ ಹಿಡಿದು ಎಲ್ಲರೂ ಒಂದೊಂದು ಮಾತು ಹೇಳಬೇಕು. ನನ್ನ ಸರದಿ ಬಂದಾಗ ಸುಮ್ಮನಿರೋಣ ಅಂದುಕೊಂಡಿದ್ದೆ. "ನಮ್ಮತ್ತಿ ಚೆನ್ನಾಗಿರ್ಲಿ. ಅವರ ಮಗನ್ನೂ ನೋಡ್ಕೋ" ಎಂದೆ. ಪ್ರಾರ್ಥನೆ ಅಂತ ಅಲ್ಲ, ಹೇಳಬೇಕಾಗಿತ್ತಲ್ಲ ಎಂದು ಹೇಳಿದೆ. ಎಲ್ಲರೂ ಆಮೆನ್ ಎಂದರು. ಪಾಪಣ್ಣ ಎಲ್ಲರಿಗಿಂತ ಜೋರಾಗಿ.

ರಾಯದುರ್ಗದಲ್ಲಿ ಇವತ್ತು ಸಮಾಧಿಗಳಿಗೆಲ್ಲಾ ಸುಣ್ಣ ಬಳಿದು ಹೂವಿಟ್ಟಿರುತ್ತಾರೆ. ಇವರದಕ್ಕೆ ಗಾದಿಲಿಂಗಪ್ಪ, ಡಿಪೋದ ಗೆಳೆಯ, ತಾನೇ ಹೋಗಿ ಸುಣ್ಣ ಬಳಿದು ಫೋಟೋ ಕಳಿಸಿದ್ದ. ಹಿಂದೂಪುರ ಬಸ್ ಸ್ಟ್ಯಾಂಡಿನಲ್ಲಿ ಕೂತು ಬಹಳ ಹೊತ್ತು ನೋಡಿದೆ. ಬೆಳ್ಳಗೆ ಚೆನ್ನಾಗಿ ಕಾಣುತ್ತಿತ್ತು.

ಏಪ್ರಿಲ್ 11, ಶನಿವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಹಿಂದೂಪುರದಿಂದ ಸಂಜೆಯ ಟ್ರಿಪ್ಪು. ರೈಲು ಬಂದ ಮೇಲೆ ಹತ್ತುವ ಜನ, ಗದ್ದಲ. ಹಿಂದಿನಿಂದ ಟಿಕೆಟ್ ಕೊಡುತ್ತಾ ಮುಂದೆ ಬಂದೆ. ಮುಂದಿನ ಸೀಟಿನಲ್ಲಿ ಒಬ್ಬ ಅಜ್ಜಿ ಬಗ್ಗಿ ಚೀಲವನ್ನು ಕಾಲ ಸಂದಿಗೆ ತಳ್ಳುತ್ತಿದ್ದರು. ನಾನು ಮಿಷನ್ ನೋಡುತ್ತಲೇ, "ಎಲ್ಲಿಗೆ ಅಜ್ಜಿ? ಆಧಾರ್ ತೋರ್ಸಿ" ಎಂದೆ.

"ಎಲ್ಲಿಗಂದ್ರ? ಮನಿಗೆ."

ತಲೆ ಎತ್ತಿದರೆ ಅತ್ತೆ.

"ತೋರ್ಸಿ ಅಂತ ತೋರ್ಸಿ! ಮಾತು ಆಗಲೇ ಈ ಕಡೀದಾಗ್ಯಾವಲ್ಲ ನಿನ್ನವು. ತಗೋ ಆಧಾರ್" ಎಂದು ನಿಜವಾಗಿಯೂ ಕೈಗೆ ಕೊಟ್ಟರು. ಮಿಷನ್ನಿನಲ್ಲಿ ತಪ್ಪು ಊರು ಒತ್ತಿದೆ. ಎರಡನೇ ಸಲ ಸರಿಯಾಯಿತು. ವೆಂಕಟಪ್ಪ ಕನ್ನಡಿಯಲ್ಲಿ ನೋಡಿ, "ಯಾರಮ್ಮ ಅದು?" ಎಂದ. "ನಮ್ಮತ್ತಿ" ಎಂದೆ. ಬಸ್ಸಿಗೆಲ್ಲಾ ಕೇಳಿಸುವಷ್ಟು ಜೋರಾಗಿ ಹೇಳಿದೆನಂತೆ.

ಜನ ಇಳಿದು ಸ್ವಲ್ಪ ಖಾಲಿಯಾದ ಮೇಲೆ ಪಕ್ಕದಲ್ಲಿ ಕೂತೆ.

"ಅಲ್ಲೇನು ಕಡಿಮಿ ಆಗಿತ್ರಿ?"

"ಏನೂ ಕಡಿಮಿ ಇಲ್ಲ. ಸಲೋಮಿ ಚಲೋ ನೋಡ್ಕೊಂಡ್ಳು. ಚರ್ಚಿನಾಗ ಬೆಂಚು ಐತಿ, ಕೀರ್ತನಿ ಪುಸ್ತಕ ಐತಿ, ಎಲ್ಲಾ ನಮ್ಮಂಗ ನಿಧಾನ ಹಾಡ್ತಾರ. ಬಂದವರು ಕೈ ಮುಗೀತಾರ, ಹೋಗ್ತಾರ. ಒಬ್ಬರಾರ ಎದುರು ಮಾತಾಡಂಗಿಲ್ಲ." ಕಿಟಕಿಯ ಹೊರಗೆ ನೋಡಿದರು. "ಆ ಪಾಪಣ್ಣ ಐದಾನಲ್ಲ, ಭಾನುವಾರ ಬಂತಂದ್ರ ಫೋನ್ ಹಚ್ಚಿ ಹಾಡು ಕೇಳಿಸ್ತಾನ. ಅಜ್ಜಿ, ಈಗ ಸರೀನಾ ಅಂತಾನ. ಒಂದು ದಿನಾನೂ ಸರಿ ಬಡಿದಿಲ್ಲ. ಫೋನಿನಾಗ ಎಷ್ಟಂತ ಬೈಲಿ?"

ನನಗೆ ಈ ಫೋನಿನ ವಿಷಯವೇ ಗೊತ್ತಿರಲಿಲ್ಲ.

"ದೊಡ್ಡಕ್ಕನೂ ಹಚ್ಚತಿದ್ಳು. ನಿಮ್ ಸೊಸಿ ಸಣ್ಣಗಾಗ್ಯಾಳ ಅಂದ್ಳು. ಇಲ್ಲಿ ನೋಡಿದ್ರ ಹಂಗೇನಿಲ್ಲ."

"ಈಸ್ಟರಿಗೆ ಯಾಕ ಬರ್ಲಿಲ್ಲ ಮತ್ತ?"

"ನನ್ನ ಸಿಟ್ಟು ಇಳೀಬೇಕಲ್ಲ" ಎಂದರು. ಚೀಲವನ್ನು ಇನ್ನಷ್ಟು ಒಳಗೆ ತಳ್ಳಿ, "ಗೂಟದ ಮಾತು ಹಂಗೇ ಐತಿ ನೋಡು. ನಿಂಗ ಮದುವಿ ಮಾಡ್ಕೋಬೇಕು ಅನ್ಸಿದ್ರ…"

"ಅನ್ಸಿದ್ರ ಮೊದಲು ನಿಮಗ ಹೇಳ್ತೀನಿ."

"ಹುಡುಗನ್ನ ನಾನೇ ನೋಡ್ತೀನಿ ಹಂಗಾದ್ರ. ನಿಮ್ಮಣ್ಣಗ ಬ್ಯಾಡ."

ಇಬ್ಬರೂ ನಕ್ಕೆವು. ಮಡಕಶಿರದ ಬೆಟ್ಟ ಕಾಣಿಸುವ ಹೊತ್ತಿಗೆ ಅವರು ನನ್ನ ಭುಜಕ್ಕೆ ತಲೆ ಇಟ್ಟು ನಿದ್ದೆ ಹೋಗಿದ್ದರು. ಎರಡು ಸ್ಟಾಪಿನಲ್ಲಿ ಏಳಲಾಗದೆ ಕೂತಲ್ಲಿಂದಲೇ ಸೀಟಿ ಊದಿದೆ.

ಮನೆಗೆ ಬಂದು ಬೇಗ ಅನ್ನ, ಬೇಳೆಸಾರು ಮಾಡಿದೆ. ಎದುರು ಬದುರು ತಟ್ಟೆ ಹಾಕಿ ಬಡಿಸಿ ಕೂತೆ. ಬಸ್ಸಿನ ದಣಿವು, ಹಸಿವು ಬೇರೆ. ಕಣ್ಣು ಮುಚ್ಚಿ ಬೇಗ ಬೇಗ ಹೇಳಿ ಮುಗಿಸಿ, ಆಮೆನ್ ಎಂದು ಅನ್ನಕ್ಕೆ ಕೈ ಹಾಕಿದೆ. ಅತ್ತೆ ತಟ್ಟೆ ಮುಟ್ಟದೆ ನನ್ನನ್ನೇ ನೋಡುತ್ತಿದ್ದರು.

"ಯಾವಾಗಿಂದ?" ಎಂದರು.

"ಏನು?"

"ಏನಿಲ್ಲ." ಅವರ ಕಣ್ಣು ತುಂಬಿಕೊಂಡಿತ್ತು. ಸೆರಗಿನಿಂದ ಒರೆಸಿಕೊಂಡು ನಗಲು ಶುರು ಮಾಡಿದರು. "ನಾ ಎದುರಿಗೆ ಕುಂತೀನಿ, ನೀನು ನಮ್ಮತ್ತೀನ ಲಗೂನ ಮನಿಗೆ ಕಳಿಸಪ್ಪಾ ಅಂತ ಬೇಡ್ಕೊಂತೀಯಲ್ಲ!"

ಹಾಗೆಂದೆನೆ? ಹಾಗೆಂದೆನಂತೆ. ಬಾಯಿಗೆ ರೂಢಿಯಾಗಿಬಿಟ್ಟಿತ್ತು.

"ಬಂದೀನವ್ವ. ಇನ್ನ ಅದನ್ನ ಬಿಟ್ಟು ಮುಂದಿಂದು ಕೇಳು" ಎಂದು ನನ್ನ ತಟ್ಟೆಗೆ ಸಾರು ಹಾಕಿದರು.